ಸುಮ್ಮನಿದ್ದರೂ ಏದುಸಿರು ಬಿಡುವ ಪೆಟ್ಟಿಗೆ

ಆ ಮನೆಯ ಸೊಸೆಗೆ ‘ಪಹರೆ’ ಎಂದು ಅಡ್ಡಹೆಸರಿಟ್ಟವರು ಅವಳ ಅತ್ತೆಯೇ. ಬೀಗ ಹಾಕಿದ ಮೇಲೆ ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುವ ಸ್ವಭಾವ ಅವಳದು. ಮಗಳು ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಮಗು ಅತ್ತರೆ ಯಾಕೆ ಅತ್ತಿತು ಎಂಬ ಚಿಂತೆ, ಅಳದಿದ್ದರೆ ಯಾಕೆ ಅಳಲಿಲ್ಲ ಎಂಬ ಚಿಂತೆ. ಮಲಗಿದ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವಳು. ಬೆರಳಿನ ತಂಪಿಗೆ ಮಗು ಎದ್ದು ಕಿರುಚಿದರೆ, ಸದ್ಯ ಉಸಿರಾಡುತ್ತಿದೆಯಲ್ಲ ಎಂದು ಅವಳ ಎದೆ ಹಗುರಾಗುವುದು. ಆಮೇಲೆ ಎತ್ತಿಕೊಂಡು ಓಡಾಡುವ ಪಾಳಿ ಮನೆಯವರೆಲ್ಲರದು.

ಈ ಬೆರಳಿನ ಕಾಟ ತಪ್ಪಲೆಂದೇ ಗಂಡ ತೊಟ್ಟಿಲಿನ ಮೇಲೊಂದು ಪುಟ್ಟ ಕ್ಯಾಮೆರಾ ಹಾಕಿಸಿಕೊಟ್ಟ. ಅಂದಿನಿಂದ ಅವಳ ಮೇಜಿನ ಎರಡು ಪರದೆಗಳಲ್ಲಿ ಒಂದರ ತುಂಬ ಮಗುವೇ.

ಅವಳ ಕೆಲಸ ಇನ್ನೂ ಕಟ್ಟದ ಅಡುಗೆಮನೆಗಳ ಚಿತ್ರ ಬಿಡಿಸುವುದು. ಕಪಾಟು ಮಾಡುವ ಅಂಗಡಿಯವರು ಅಳತೆ ಕಳಿಸುತ್ತಾರೆ. ಕಿಟಕಿಯ ಬಿಸಿಲು ಸ್ಟೀಲ್ ಸಿಂಕಿನ ಮೇಲೆ ಬಿದ್ದು ಮಿನುಗುವ ಹಾಗೆ ಇವಳು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡಬೇಕು. ಬಿಸಿಲು, ನೆರಳು, ಮಿನುಗು ಎಲ್ಲ ಕೂಡಿ ಚಿತ್ರ ‘ಬೇಯಲು’ ಗಂಟೆಗಟ್ಟಲೆ ಹಿಡಿಯುತ್ತದೆ. ಬೇಯಿಸುವ ಒಲೆಯೆಂದರೆ ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಗ್ರಾಫಿಕ್ಸ್ ಕಾರ್ಡ್.

ಬಾಣಂತನ ಮುಗಿದ ಮೇಲೆ ಬಂದ ಮೊದಲ ಕೆಲಸ ಅಂಥದೇ ಒಂದು ಅಡುಗೆಮನೆ, ಶನಿವಾರ ಸಂಜೆಯೊಳಗೆ ಕೊಡಬೇಕಾದದ್ದು. ಅಂಗಡಿಯ ಯಜಮಾನರು ಫೋನಿನಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು: “ಆಗ್ದಿದ್ರೆ ಬಿಡಮ್ಮ, ಪಾಪು ದೊಡ್ಡದಾಗ್ಲಿ. ಹೆಂಗೂ ಇನ್ನೊಬ್ಬ ಹುಡುಗಿ ಬರ್ತಿದ್ದಾಳೆ.” ಮೊದಲ ಎರಡು ಮಾತು ಅವಳ ಕಿವಿಯ ಹೊರಗೇ ಉಳಿದವು. ಇನ್ನೊಬ್ಬ ಹುಡುಗಿ ಮಾತ್ರ ಒಳಗೆ ಹೋಗಿ ಚಾಪೆ ಹಾಸಿಕೊಂಡು ಕೂತಳು.

ಆಗಲೇ ಪೆಟ್ಟಿಗೆ ಕೈಕೊಟ್ಟಿತು. ಅವಳು ಕೈಕಟ್ಟಿ ಕೂತಿದ್ದರೂ ಅದರ ಫ್ಯಾನು ಭರ್ರೆಂದು ತಿರುಗುತ್ತಿತ್ತು. ಒಂದು ಗೆರೆ ಎಳೆಯುವ ಮೊದಲೇ ಪರದೆಯಲ್ಲಿ ಕಾರ್ಡಿನ ದುಡಿಮೆ ತೋರಿಸುವ ಮುಳ್ಳು ತುತ್ತತುದಿಯಲ್ಲಿ. ಹಾಗೆ ಮೊದಲೇ ಕಾದು ಕೆಂಡವಾದ ಒಲೆಯ ಮೇಲೆ ಚಿತ್ರ ಇಟ್ಟರೆ ಅರ್ಧ ಬೇಯುವಷ್ಟರಲ್ಲಿ ಕಂಪ್ಯೂಟರ್ ಟಪ್ಪನೆ ಆರಿಹೋಗುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ರೋಗ ಗುರುತಿಸಿದರು. “ನಮ್ಮಣ್ಣನ ಥರಾನೇ. ಹುಲ್ಲುಕಡ್ಡಿ ಎತ್ತಿಟ್ಟೋನಲ್ಲ, ಏದುಸಿರು ಮಾತ್ರ ಮೂಟೆ ಹೊತ್ತೋನ್ದು.”

ಗಂಡ ರಜೆ ಹಾಕಿ ಪೆಟ್ಟಿಗೆ ಬಿಚ್ಚಿದ. ಪೇಂಟು ಬ್ರಷ್ಷಿನಲ್ಲಿ ಧೂಳು ಕೊಡವಿ, ಆ ಧೂಳು ಮಗುವಿಗೆ ತಾಗೀತೆಂದು ಬೈಸಿಕೊಂಡು, ಅಷ್ಟನ್ನೂ ಬಾಲ್ಕನಿಯಲ್ಲಿ ಮತ್ತೊಮ್ಮೆ ಮಾಡಿದ. ಫ್ಯಾನು ಚೊಕ್ಕವಾಗಿ, ಮೊದಲಿಗಿಂತ ಜೋರಾಗಿ ಕೂಗಿತು. ರಿಪೇರಿಯವನು ಫೋನಿನಲ್ಲೇ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ತೆಗೆಸಿ ಹೊಸದು ಹಾಕಿಸಿದ, ವಿದ್ಯುತ್ ಉಳಿಸುವ ಗುಂಡಿ ಒತ್ತಿಸಿದ, ಆಮೇಲೆ ಹಿನ್ನೆಲೆಯಲ್ಲಿ ಬೇರೆ ಪ್ರೋಗ್ರಾಂ ಏನಾದರೂ ಓಡುತ್ತಿದೆಯೇ ಎಂದು ಕೇಳಿದ. ತೊಟ್ಟಿಲಿನ ಪರದೆಯಿಂದ ಕಣ್ಣು ಕೀಳದೆ ಅವಳು, ಏನೂ ಇಲ್ಲ, ಎಲ್ಲ ಮುಚ್ಚಿದ್ದೇನೆ ಎಂದಳು. ಸುಳ್ಳು ಹೇಳುವ ಪೈಕಿಯಲ್ಲ ಅವಳು. ಮಗುವನ್ನು ನೋಡುವುದು ‘ಓಡುವ’ ಕೆಲಸವೆಂದು ಯಾವ ತಾಯಿಗೆ ಹೊಳೆದೀತು? ಪ್ರತಿ ಸಲ ಕಂಪ್ಯೂಟರ್ ಆರಿಸಿ ಹಚ್ಚಿದಾಗಲೂ ಅವಳು ಮೊದಲು ತೆರೆಯುತ್ತಿದ್ದದ್ದು ಆ ಕ್ಯಾಮೆರಾವನ್ನೇ; ಪರೀಕ್ಷೆ ಏನಿದ್ದರೂ ಅದರ ನಂತರ. ಕೊನೆಗೆ ರಿಪೇರಿಯವನು ಕಾರ್ಡೇ ಹೋಗಿದೆ, ಹೊಸದು ತರಿಸಲು ವಾರ ಬೇಕು ಎಂದುಬಿಟ್ಟ. ಇನ್ನೊಬ್ಬ ಹುಡುಗಿ ಚಾಪೆ ಬಿಟ್ಟೆದ್ದು ಮಂಚ ಏರಿದಳು.

ಶನಿವಾರ ಮಧ್ಯಾಹ್ನ ಅವಳು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಫ್ಯಾನು ತಟ್ಟನೆ ತಣ್ಣಗಾಯಿತು. ಪೆಟ್ಟಿಗೆ ಸತ್ತಿತು ಎಂದುಕೊಂಡಳು. ಕತ್ತೆತ್ತಿದರೆ ಎರಡನೆಯ ಪರದೆಯಲ್ಲಿ ಮಗುವೇ ಇಲ್ಲ, ಬರೀ ಕಪ್ಪು. ಪೆಟ್ಟಿಗೆ ಹಾಳಾಗಿಹೋಗಲಿ ಎಂದು ಅವಳು ಪಕ್ಕದ ಕೋಣೆಗೆ ಬಿದ್ದಂಬೀಳ ಓಡಿದಳು.

ಮಗು ಬಾಯಿ ತೆರೆದು ಗಾಢ ನಿದ್ದೆಯಲ್ಲಿತ್ತು. ಅತ್ತೆ ಕ್ಯಾಮೆರಾದ ಪ್ಲಗ್ ಕಿತ್ತು, ಆ ಜಾಗಕ್ಕೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿ, ಮಗುವಿನ ಲಂಗೋಟಿಗಳಿಗೆ ಇಸ್ತ್ರಿ ಮಾಡುತ್ತಿದ್ದರು.

ಅವಳು ಇಸ್ತ್ರಿ ಕಿತ್ತು ಕ್ಯಾಮೆರಾ ಸಿಕ್ಕಿಸಿದಳು. ಸ್ವಲ್ಪ ಹೊತ್ತಿಗೆ ಆಚೆ ಕೋಣೆಯಲ್ಲಿ ಭರ್ರ್. ಕಿತ್ತಳು, ಮೌನ. ಮತ್ತೆ ಸಿಕ್ಕಿಸಿದಳು, ಭರ್ರ್. ಸೊಸೆಗೆ ಏನೋ ಆಯಿತೆಂದು ಅತ್ತೆ ಬಿಸಿ ಇಸ್ತ್ರಿಯನ್ನು ಮೆಲ್ಲನೆ ಅವಳ ಕೈಗೆಟುಕದಷ್ಟು ದೂರ ಸರಿಸಿದರು.

ಆಗ ನೆನಪಾಯಿತು. ಕ್ಯಾಮೆರಾ ಬಂದ ವಾರವೇ ಅವಳು ಮಸುಕು ವಿಡಿಯೋವನ್ನು ಸ್ಫುಟಗೊಳಿಸುವ ಒಂದು ಸೌಲಭ್ಯ ಹುಡುಕಿ ಕಂಪ್ಯೂಟರಿಗೆ ಹಾಕಿದ್ದಳು, ಹೊದಿಕೆ ಏರಿಳಿಯುವುದು ಎಳೆ ಎಳೆಯಾಗಿ ಕಾಣಲಿ ಎಂದು. ಒಂದೊಂದು ಚಿತ್ರವನ್ನೂ ತಿದ್ದಿ ತೀಡಿ ಹೊದಿಕೆಯ ನೂಲು ತೋರಿಸುವ ಪಾಡು ಪಡುತ್ತಿದ್ದದ್ದು ಆ ಬಡಪಾಯಿ ಕಾರ್ಡು. ಸುಮ್ಮನೆ ಕೂತಿದೆ ಎಂದು ಬೈಸಿಕೊಂಡದ್ದೂ ಅದೇ.

“ಅಂದ್ರೆ ನಮ್ಮಣ್ಣನ ಥರ ಅಲ್ಲ ಅನ್ನು,” ಅಂದರು ಅತ್ತೆ. “ನನ್ನ ಥರ.”

ಸಂಜೆಗೆ ಇನ್ನು ಕೆಲವೇ ಗಂಟೆ. ಕಾರ್ಡಿನ ಪೂರ್ತಿ ಬಲ ಚಿತ್ರಕ್ಕೇ ಸಿಕ್ಕರೆ ಮಾತ್ರ ಮುಗಿದೀತು. ಸ್ಫುಟಗೊಳಿಸುವುದನ್ನಷ್ಟೇ ನಿಲ್ಲಿಸಿದರೆ ಉಸಿರೇ ಕಾಣದ ಮಸುಕು, ಅದು ಇನ್ನೂ ದೊಡ್ಡ ಚಿಂತೆ. ಅಂದರೆ ಅಲ್ಲಿಯವರೆಗೆ ಪರದೆಯಲ್ಲಿ ಮಗು ಕಾಣುವಂತಿಲ್ಲ. ಮೂರು ಸಲ ಮೌಸ್ ಹಿಡಿದು ಮೂರು ಸಲ ಬಿಟ್ಟಳು. ಇಲ್ಲಿ ಕೂತು ಬೆಳಕು ಸರಿಮಾಡಬೇಕು, ಅಲ್ಲಿ ಮಗುವನ್ನು ನೋಡಬೇಕು, ಇರುವವಳು ಒಬ್ಬಳು.

“ನಾನು ಕಲ್ಲುಕಂಬನಾ ಇಲ್ಲಿ?” ಎಂದರು ಅತ್ತೆ. “ನಿನ್ನ ಗಂಡನ್ನ ಕ್ಯಾಮೆರಾ ಇಟ್ಟು ಸಾಕಿದ್ನಾ? ಮುಚ್ಚೇ ಅದನ್ನ. ನಾನು ನೋಡಿ ಹೇಳ್ತಾ ಇರ್ತೀನಿ.”

ಕಣ್ಣುಮುಚ್ಚಿಕೊಂಡು ಮುಚ್ಚಿದಳು. ಚಿತ್ರ ಬೇಯತೊಡಗಿತು. ಅತ್ತೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ಪಕ್ಕದ ಕೋಣೆಯಿಂದ ಪಂದ್ಯದ ವೀಕ್ಷಕ ವಿವರಣೆ ಶುರುವಾಯಿತು. ಈಗ ಬೆರಳು ಚೀಪ್ತಿದೆ. ಈಗ ಎಡಗಡೆ ತಿರುಗ್ತು. ಈಗ ನಗ್ತಿದೆ, ಅವರಪ್ಪನ ಥರ, ಕಾರಣ ಇಲ್ದೆ. ಇವಳಿಗೆ ಹಾಯೆನಿಸಿತು, ಕಿಟಕಿಯ ಬಿಸಿಲನ್ನು ಚೂರು ಹಳದಿಯಾಗಿಸಿದಳು. ಈಗ ಕಾಲು ಜಾಡಿಸ್ತು, ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಸಾರಿದರು. ಕೇಳಿಸಿಕೊಂಡವರಲ್ಲಿ ಮಗುವೂ ಒಂದು. ಎದ್ದು ಹೋ ಎಂದು ಸೂರು ಹಾರುವಂತೆ ಅತ್ತಿತು.

“ಈಗ ಎದ್ದಿದೆ,” ಎಂದರು ಅತ್ತೆ.

ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಅವಳು ಉಳಿದ ಚಿತ್ರ ಬೇಯಿಸಿದಳು. ಅರ್ಧ ದಾಟಿತು, ಮುಕ್ಕಾಲು ದಾಟಿತು, ಪೆಟ್ಟಿಗೆ ಆರಲಿಲ್ಲ. ಸಿಂಕು ಮಿನುಗಿತು. ಕತ್ತಲಾಗುವ ಮುಂಚೆ ಚಿತ್ರ ಅಂಗಡಿ ಸೇರಿತು.

ಯಜಮಾನರ ಉತ್ತರ ಬೇಗ ಬಂತು: ಚೆನ್ನಾಗಿದೆ, ಇನ್ನೆರಡು ಅಡುಗೆಮನೆ ಇವೆ, ಸೋಮವಾರ ಅಳತೆ ಕಳಿಸುತ್ತೇನೆ. ಅವಳು ಅದನ್ನು ಗಂಡನಿಗೂ ಅತ್ತೆಗೂ ಓದಿ ಹೇಳಿದಳು. ಅವರಿಬ್ಬರೂ ಸಂತೋಷಪಡುತ್ತಿರುವಾಗಲೇ ಅವಳ ಮುಖ ಸಣ್ಣಗಾಯಿತು.

“ಎರಡೇ ಯಾಕೆ?” ಎಂದಳು. “ಮೂರನೇದು ಆ ಇನ್ನೊಬ್ಬ ಹುಡುಗಿಗೆ ಕೊಟ್ಬಿಟ್ರು ಅನ್ಸುತ್ತೆ.”