ಲೋಟದ ನೀರಿನಲ್ಲಿ ಎರಡು ಕೆಂಪು

೧೯೮೧ರ ಮಾತು. ಮೈಸೂರಿನಲ್ಲಿ ಭೂವಿಜ್ಞಾನದ ಎಂ.ಎಸ್‌ಸಿ. ಮುಗಿಸಿ ಹಾರನಹಳ್ಳಿಗೆ ಬಂದಿದ್ದೆ. ಕಾರ್ತೀಕದಲ್ಲಿ ನನ್ನ ಮದುವೆ ನಿಶ್ಚಯವಾಗಿತ್ತು. ಅಜ್ಜಿ ತಮ್ಮ ಕೆಂಪಿನ ಓಲೆಗಳನ್ನು ನನಗೆ ಕೊಟ್ಟರು. ಒಂದೊಂದೇ ಮಾಣಿಕ್ಯದ ಕಲ್ಲಿನ ಓಲೆ. ಅದರಲ್ಲಿ ಒಂದರ ಕಲ್ಲು ಎಂದೋ ಬಿದ್ದುಹೋಗಿತ್ತು. ಉಳಿದ ಕಲ್ಲಿಗೆ ಜೋಡಿ ಹುಡುಕಬೇಕಿತ್ತು.

ಅಮ್ಮನ ಜೊತೆ ಬಸ್ಸಿನಲ್ಲಿ ಅರಸೀಕೆರೆಗೆ ಹೋದೆ. ನಮ್ಮ ಮನೆಯವರು ಹಿಂದಿನಿಂದಲೂ ಹೋಗುತ್ತಿದ್ದ ಅಂಗಡಿ. ವಯಸ್ಸಾದ ಯಜಮಾನರು ಅಜ್ಜಿಯ ಕಲ್ಲನ್ನು ಓಲೆಯಿಂದ ಬಿಡಿಸಿ ಬಿಳಿ ಕಾಗದದ ಮೇಲಿಟ್ಟರು. ಅದರ ಪಕ್ಕದಲ್ಲಿ ಅದೇ ಅಳತೆಯ ಮೂರು ಕಲ್ಲು. ನಾನು ಕೈಚೀಲದಿಂದ ಪುಟ್ಟ ಭೂತಗನ್ನಡಿ ತೆಗೆದೆ. ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಆಗ ನನಗೆ ಒಳಗೊಳಗೇ ಹೆಮ್ಮೆಯಾಯಿತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅಜ್ಜಿಯ ಕಲ್ಲು ಮಂಕಾಗಿ ಕಂಡಿತು. ಒಳಗೆ ರೇಷ್ಮೆ ಎಳೆಯಂಥ ಗೆರೆಗಳಿದ್ದವು. ಹೊಸ ಮೂರರಲ್ಲಿ ಎರಡು ಹಾಗೆಯೇ ಇದ್ದವು. ಮೂರನೆಯದು ಮಾತ್ರ ಶುಭ್ರವಾಗಿತ್ತು, ಬೆಲೆಯೂ ಕಡಿಮೆ. ಇಂಥದೇ ಇನ್ನೊಂದಿದ್ದರೆ ಎರಡನ್ನೂ ಕೊಡಿ, ಹಳೆಯ ಕಲ್ಲನ್ನು ನೀವೇ ಇಟ್ಟುಕೊಳ್ಳಿ ಎಂದೆ.

“ಇದೇ ಬೇಕಾ ತಾಯಿ?” ಯಜಮಾನರು ಕೇಳಿದರು.

“ಗೆರೆ ಇಲ್ಲದ್ದು ಇದೊಂದೇ ಅಲ್ವಾ?”

“ಹೌದು, ಗೆರೆ ಇಲ್ಲ.” ಅವರು ಅದನ್ನೂ ಅಜ್ಜಿಯ ಕಲ್ಲನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿದರು. “ಇದರ ಜೋಡಿ ಆಮೇಲೆ ಕೊಡ್ತೀನಿ. ಮೊದ್ಲು ಮೂರು ದಿನ ಮನೇಲಿ ಇಟ್ಕಳಿ. ಹಳೇದೂ ನಿಮ್ ಹತ್ರಾನೇ ಇರ್ಲಿ. ಅಜ್ಜೀಗೆ ತೋರ್ಸಿ.”

ಹೊಸ ಕಲ್ಲನ್ನು ಮೂರು ದಿನ ಮನೆಯಲ್ಲಿಟ್ಟು, ಕೆಟ್ಟದ್ದೇನೂ ಆಗದಿದ್ದರೆ ಮಾತ್ರ ಕಟ್ಟಿಸುವುದು ನಮ್ಮ ಕಡೆಯ ಪದ್ಧತಿ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ.

ಮನೆಗೆ ಬಂದು, ಅಜ್ಜಿಯ ಕಲ್ಲಿನಲ್ಲಿ ದೋಷವಿದೆ, ಅದನ್ನು ಕೊಟ್ಟುಬಿಡೋಣ ಎಂದು ನೇರವಾಗಿಯೇ ಹೇಳಿದೆ.

“ಐವತ್ತು ವರ್ಷ ಕಿವೀಲಿ ಇತ್ತು ಕಣೇ. ಯಾರೂ ಹಂಗಂದಿರ್ಲಿಲ್ಲ,” ಎಂದರು ಅಜ್ಜಿ. ಆಮೇಲೆ, “ಕೊಟ್ಟಾಯ್ತಲ್ಲ, ಇನ್ನು ನಿಂದು. ಏನಾದ್ರೂ ಮಾಡ್ಕೋ.”

ಆದರೂ ಪದ್ಧತಿ ಬಿಡಲಿಲ್ಲ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಎರಡೂ ಕಲ್ಲುಗಳನ್ನು ಅದರೊಳಗೆ ಬಿಟ್ಟು, ದೇವರ ಗೂಡಿನ ಪಕ್ಕದ ಕಿಟಕಿಯಲ್ಲಿಟ್ಟರು. ಎರಡು ದಿನ ನಾನು ಅತ್ತ ಹೋಗಲೇ ಇಲ್ಲ.

ಮೂರನೆಯ ಬೆಳಿಗ್ಗೆ ಕಾಫಿ ಹಿಡಿದು ಆ ಕಿಟಕಿಯ ಬಳಿ ನಿಂತಿದ್ದೆ. ಎಳೆಬಿಸಿಲು ನೇರ ಲೋಟದ ಮೇಲೆ ಬಿದ್ದಿತ್ತು. ಒಂದು ಕಲ್ಲು ಒಳಗಿನಿಂದ ಕೆಂಡದಂತೆ ಬೆಳಗುತ್ತಿತ್ತು. ಇನ್ನೊಂದು ಬರೀ ಕೆಂಪಗಿತ್ತು. ಬೆಳಗುತ್ತಿದ್ದದ್ದು ಅಜ್ಜಿಯದು. ಭೂತಗನ್ನಡಿ ತಂದು ಲೋಟಕ್ಕೆ ಹಿಡಿದೆ. ದೋಷವಿಲ್ಲವೆಂದು ನಾನು ಆರಿಸಿದ್ದ ಕಲ್ಲಿನಲ್ಲಿ, ಗ್ರಾಮಫೋನ್ ತಟ್ಟೆಯ ಮೇಲಿರುವಂಥ ಸಣ್ಣ ಬಾಗಿದ ಗೆರೆಗಳು, ಅವುಗಳ ನಡುವೆ ಎರಡು ದುಂಡನೆಯ ಗಾಳಿಗುಳ್ಳೆಗಳು. ಕುಲುಮೆಯಲ್ಲಿ ಕರಗಿಸಿ ಮಾಡಿದ ಕೆಂಪಿನ ಗುರುತು ಅದು. ನೆಲದೊಳಗೆ ಹುಟ್ಟಿದ ಕಲ್ಲಿನ ಗೆರೆಗಳು ಬಾಗಿರುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಚಿತ್ರ ಸಮೇತ ಬರೆದಿದ್ದೆ. ಹೊರಮೈಯ ಹೊಳಪು ಅಡಗಿ ಒಳಗಿನದು ಕಾಣಲೆಂದು ಪ್ರಯೋಗಾಲಯದಲ್ಲಿ ನಾವೂ ಕಲ್ಲನ್ನು ದ್ರವದಲ್ಲಿ ಮುಳುಗಿಸಿಯೇ ನೋಡುತ್ತಿದ್ದೆವು. ಅಂಗಡಿಯಲ್ಲಿ ಅದೊಂದೂ ನೆನಪಾಗಲಿಲ್ಲ.

ಅಜ್ಜಿಯ ಎದುರು ಕುಳಿತು, ನಿಜವಾದ ಕಲ್ಲು ನಿನ್ನದೇ, ಆ ಎಳೆಗಳೇ ಅದಕ್ಕೆ ಸಾಕ್ಷಿ ಎಂದು ಹೇಳಿದೆ.

“ಇದನ್ನ ಹೇಳಕ್ಕೆ ಮೈಸೂರಿಗೆ ಹೋಗ್ಬೇಕಿತ್ತಾ ಮಗ?” ಎಂದರು ಅಜ್ಜಿ. ನಗಲಿಲ್ಲ. ಆದರೆ ಸೆರಗಿನಲ್ಲಿ ಆ ಕಲ್ಲನ್ನು ಒರೆಸಿ ನನ್ನ ಅಂಗೈಗೆ ಹಾಕಿದರು.

ಮರುದಿನ ಅಂಗಡಿಗೆ ಹೋಗಿ, ಇದು ಕುಲುಮೆಯ ಕಲ್ಲು ಎಂದೆ. ಯಜಮಾನರು ತಲೆಯಾಡಿಸಿದರು.

“ಗೆರೆ ಇಲ್ಲದ್ದು ಬೇಕು ಅಂದ್ರಿ, ಕೊಟ್ಟೆ. ಎಲ್ಲಿಂದ ಬಂದಿದ್ದು ಅಂತ ಕೇಳಿದ್ರೆ ಹೇಳ್ತಿದ್ದೆ ತಾಯಿ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಮೊದಲ ದಿನವೇ ನಾನು ಹಠ ಹಿಡಿದಿದ್ದರೆ ಅವರು ಅಜ್ಜಿಯ ಕಲ್ಲನ್ನು ತೆಗೆದುಕೊಂಡುಬಿಡುತ್ತಿದ್ದರೇ? ಇಂದಿಗೂ ಗೊತ್ತಿಲ್ಲ. ಹಾಗಾಗಬಾರದೆಂದೇ ಅದನ್ನು ಮನೆಗೆ ಕಳಿಸಿದರು ಎಂದು ನಂಬಿದ್ದೇನೆ. ಉಳಿದ ಎರಡು ಕಲ್ಲುಗಳನ್ನು ಈ ಸಲ ಜಗಲಿಗೆ ತಂದು, ಬಿಸಿಲಿನಲ್ಲಿ ತಿರುಗಿಸಿ ನೋಡಿ, ಎಲ್ಲಿಯದೆಂದು ಕೇಳಿ, ಒಂದನ್ನು ಆರಿಸಿದೆ. ಮದುವೆಯ ದಿನ ಆ ಜೋಡಿಯನ್ನೇ ಹಾಕಿಕೊಂಡೆ.

ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ರತ್ನಗಳ ಪಾಠ ಬಂದಾಗ ಒಂದು ಓಲೆ ಬಿಚ್ಚಿ, ಭೂತಗನ್ನಡಿಯ ಜೊತೆ ಹುಡುಗಿಯರ ಕೈಗೆ ಕೊಡುತ್ತೇನೆ. ಹಿಂದಿನ ಕಥೆ ಹೇಳುವುದಿಲ್ಲ. ಅವರು ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕೊನೆಗೆ ಯಾರಾದರೊಬ್ಬಳು, ನನಗೆ ಬೇಸರವಾದೀತೆಂದು ದನಿ ತಗ್ಗಿಸಿ, “ಇದ್ರಲ್ಲಿ ಗೆರೆ ಇದೆ ಮೇಡಂ” ಎನ್ನುತ್ತಾಳೆ.

ಅಜ್ಜಿಗೆ ಅದನ್ನು ಹೇಳುವಾಗ ನಾನು ದನಿ ತಗ್ಗಿಸಿರಲಿಲ್ಲ.