ಹಂದಿ ಮಲಗುವ ತನಕ

ತಿರುವನಂತಪುರದ ನಮ್ಮ ಕಚೇರಿಯ ಜವಾನರೊಬ್ಬರು ಕಾಡಿನಂಚಿನ ಊರಿನವರು. ಫೈಲು ತರಲು ಅವಸರಪಡಿಸಿದರೆ ಅಂಗೈಯನ್ನು ನೆಲದತ್ತ ಒತ್ತಿ, “ನಿಲ್ಲಿ ಸಾರೇ, ಆಗುತ್ತದೆ” ಎಂದು ಮಲಯಾಳದಲ್ಲಿ ಹೇಳುತ್ತಿದ್ದರು. ಕಾಸರಗೋಡಿನಿಂದ ಹೊಸದಾಗಿ ಬಂದಿದ್ದ ನನಗೆ ಅದು ಸೋಮಾರಿತನವೆಂದೇ ತೋರುತ್ತಿತ್ತು.

ಅರವತ್ತರ ದಶಕದ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಬೆಳಗ್ಗೆಯೇ ಕಾಡುಹಂದಿಯೊಂದು ಮರಗೆಣಸಿನ ತೋಟಕ್ಕೆ ನುಗ್ಗಿತು. ಅವರು ಅಪ್ಪನ ಕಾಲದ ಬಿಲ್ಲು ತೆಗೆದು ಬಾಣ ಬಿಟ್ಟರು. ಬಾಣ ಪಕ್ಕೆಗೆ ನಾಟಿತು, ಹಂದಿ ಪೊದೆಗಳೊಳಗೆ ಓಡಿತು. ಬೆನ್ನಟ್ಟಲು ಹೊರಟ ನನ್ನನ್ನು ಅವರು ತೋಳು ಹಿಡಿದು ಕೂರಿಸಿದರು.

“ನೋವಿನಲ್ಲಿದೆಯಲ್ಲ ಅಣ್ಣಾ, ಬೇಗ ಹೋಗಿ ಮುಗಿಸಬಾರದಾ?” ಎಂದೆ.

“ಹಿಂದೆ ಹೋದರೆ ಆ ನೋವಿನಲ್ಲೇ ಗುಡ್ಡ ದಾಟಿ ಓಡುತ್ತದೆ ಸಾರೇ. ಯಾರೂ ಬರುತ್ತಿಲ್ಲ ಅಂತ ಗೊತ್ತಾದರೆ ಮಲಗುತ್ತದೆ. ಚಿಕ್ಕವನಿದ್ದಾಗ ಒಂದು ಕಡವೆಯನ್ನು ಹಾಗೆ ಓಡಿಸಿದ್ದೆ. ಮೂರನೇ ದಿನ ಸಿಕ್ಕಾಗಲೂ ಜೀವ ಇತ್ತು.”

ಬೀಡಿಯನ್ನೂ ಹಚ್ಚದೆ ಅವರು ಮುಕ್ಕಾಲು ಗಂಟೆ ಕೂತರು. ಕೈ ಮಾತ್ರ ಮತ್ತೆ ಮತ್ತೆ ಸೊಂಟದ ಕತ್ತಿಯತ್ತ ಹೋಗಿ ಹಿಂದೆ ಬರುತ್ತಿತ್ತು. ಕಾಯುವುದು ನನಗಿಂತ ಅವರಿಗೇ ಕಷ್ಟವೆಂದು ಆಗ ತಿಳಿಯಿತು.

ಆಮೇಲೆ ಎಲೆಗಳ ಮೇಲಿನ ರಕ್ತ ನೋಡುತ್ತ ಮೆಲ್ಲಗೆ ನಡೆದೆವು. ಹಂದಿ ದೂರ ಹೋಗಿರಲಿಲ್ಲ. ಪೊದೆಯ ನೆರಳಿನಲ್ಲಿ ಸತ್ತಿತ್ತು. ಅವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕತ್ತಿಗೆ ಕೈಹಾಕುವ ಮೊದಲು ಅದರ ಕಾಲುಗಳನ್ನು ತೋರಿಸಿದರು.

“ಮಡಚಿಕೊಂಡು ಮಲಗಿದೆ, ನೋಡಿ” ಎಂದರು. “ಹೆದರಿರಲಿಲ್ಲ.”