ಬಕ್ಕೇಶ ಹೊತ್ತು ತಂದ ಕ್ಯಾಸೆಟ್

ಮಸ್ಕತ್ತಿನ ಕೆಲಸಕ್ಕೆ ಸಂದರ್ಶನ ನಡೆದದ್ದು ಹರಿಹರದ ಲಾಡ್ಜೊಂದರ ಕೋಣೆಯಲ್ಲಿ. 'ಎತ್ತರ ಅಂದ್ರೆ ಭಯ ಏನಾದ್ರೂ?' ಎಂದು ಏಜೆಂಟ್ ಕೇಳಿದಾಗ ಬಕ್ಕೇಶ, 'ಬಾತಿ ಗುಡ್ಡ ಹತ್ತಿ ಬೆಳೆದೋನು ಸಾರ್ ನಾನು' ಎಂದಿದ್ದ. ಪೂರ್ತಿ ಸುಳ್ಳಲ್ಲ. ಹತ್ತಿದ್ದ. ಆದರೆ ಅಪ್ಪನ ಸ್ಕೂಟರಿನ ಹಿಂದಿನ ಸೀಟಿನಲ್ಲಿ, ಕಣ್ಣು ಮುಚ್ಚಿಕೊಂಡು.

ದಾವಣಗೆರೆ ಎಂ.ಸಿ.ಸಿ. ಬಿ ಬ್ಲಾಕಿನ ಕಿರಾಣಿ ವ್ಯಾಪಾರಿ ಪರಮೇಶ್ವರಪ್ಪನವರ ಎರಡನೇ ಮಗ ಅವನು. ಅಂಗಡಿ ಅಣ್ಣನ ಪಾಲಿಗೆ ಬಂತು, ಐಟಿಐ ಇವನ ಪಾಲಿಗೆ. ಹರಿಹರದ ಒಂದು ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ಫಿಟ್ಟರ್ ಆಗಿದ್ದ. ಅಲ್ಲೇ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವನು ಕೊಂಡಜ್ಜಿಯ ಶಿವು. ಇಬ್ಬರೂ ಒಂದೇ ಡಬ್ಬಿಯ ಬುತ್ತಿ ಉಂಡವರು, ಒಂದೇ ದಿನ ವಿಮಾನ ಹತ್ತಿದವರು. ಮಸ್ಕತ್ತಿನ ಕ್ಯಾಂಪಿನಲ್ಲಿ ಒಂದರ ಮೇಲೊಂದಿದ್ದ ಮಂಚಗಳಲ್ಲಿ ಮೇಲಿನದು ಶಿವುವಿನದು. ಯಾಕೆಂದು ಶಿವು ಕೇಳಲಿಲ್ಲ, ಬಕ್ಕೇಶ ಹೇಳಲಿಲ್ಲ. ಊರುಗಳಿಗೆ ನೀರು ಹಾಯಿಸುವ ಕಂಪನಿ ಅದು. ಬಕ್ಕೇಶನ ಪುಣ್ಯಕ್ಕೆ ಎರಡು ವರ್ಷದ ಕೆಲಸವೆಲ್ಲ ನೆಲದ ಮೇಲಿನ ಪಂಪ್‌ಹೌಸುಗಳಲ್ಲೇ ನಡೆದುಹೋಯಿತು.

ತೊಂಬತ್ತೇಳರ ನವೆಂಬರಿನಲ್ಲಿ ಆ ದೇಶದ ರಾಷ್ಟ್ರೀಯ ಹಬ್ಬಕ್ಕೆ ಎರಡು ದಿನ ರಜೆ ಬಂತು. ಕ್ಯಾಂಪಿನ ಆರು ಜನ ಗುಡ್ಡ ಹತ್ತುವುದೆಂದು ತೀರ್ಮಾನವಾಯಿತು. ಪೇಶಾವರದ ಡ್ರೈವರನೇ ಮುಂದಾಳು. ಬಾತಿ ಗುಡ್ಡದ ಕಥೆಯನ್ನು ಎರಡು ವರ್ಷ ಎಲ್ಲರಿಗೂ ಹೇಳಿದ್ದ ಬಕ್ಕೇಶನಿಗೆ ಒಲ್ಲೆನೆನ್ನಲು ಬಾಯಿ ಬರಲಿಲ್ಲ. ಹೊರೆ ಹಂಚುವಾಗ ನೀರಿನ ಕ್ಯಾನುಗಳನ್ನು ಉಳಿದವರಿಗೆ ಬಿಟ್ಟು, ಮನೆಯಿಂದ ಬಂದಿದ್ದ ಖಾರಮಂಡಕ್ಕಿಯ ಚೀಲವನ್ನು ತಾನು ಹೊತ್ತ. ಹಗುರ ನೋಡಿ ಆರಿಸಿದ್ದು. ಒಂಬತ್ತು ಗಂಟೆಗೆ ಎಲ್ಲರೂ ಮಂಡಕ್ಕಿ ಮುಕ್ಕಿದರು, ಹತ್ತಕ್ಕೆ ಎಲ್ಲರ ನೀರೂ ಮುಗಿಯಿತು. ನಾಲ್ಕು ಭಾಷೆಗಳಲ್ಲಿ ದಾವಣಗೆರೆಗೆ ಶಾಪ ಬಿತ್ತು.

ಮರವಿಲ್ಲ, ನೆರಳಿಲ್ಲ. ಸುಟ್ಟ ಇಟ್ಟಿಗೆಯ ಬಣ್ಣದ ಕಲ್ಲು, ಕಾಲಿಟ್ಟಲ್ಲೆಲ್ಲ ಜಾರುವ ಜಲ್ಲಿ. ಡ್ರೈವರ್ ಮೇಕೆಯ ಹಾಗೆ ಹಾರಿಕೊಂಡು ಹೋದ, ಉಳಿದವರು ಏದುಸಿರು ಬಿಡುತ್ತ ಹಿಂಬಾಲಿಸಿದರು. ತುದಿ ಇನ್ನೇನು ನೂರು ಅಡಿ ಎನ್ನುವಾಗ ದಾರಿ ಬಂಡೆಯ ಸೊಂಟ ಬಳಸಿಕೊಂಡು ಹೋಗುತ್ತಿತ್ತು. ಒಂದು ಮೊಳ ಅಗಲ, ಅಷ್ಟೆ. ಬಲಕ್ಕೆ ಏನೂ ಇಲ್ಲ. ಬಹಳ ಕೆಳಗೆ ಇವರು ಬಂದ ಪಿಕಪ್ ಬೆಂಕಿಪೊಟ್ಟಣದಷ್ಟು ಕಂಡಿತು. ಬಕ್ಕೇಶ ಅದನ್ನು ನೋಡಿದ. ಆಮೇಲೆ ಅವನ ಕಾಲು ಅವನ ಮಾತು ಕೇಳಲಿಲ್ಲ.

ಕೊನೆಯಲ್ಲಿ ಬರುತ್ತಿದ್ದ ಶಿವು ಬೆನ್ನಿಗೇ ಬಂದು ನಿಂತ.

'ಯಾಕಲೇ, ನಿಂತುಬಿಟ್ಟೆ?'

'ನಂಗೆ ಆಗಲ್ಲೋ ಶಿವು. ಮೊದಲಿಂದಾನೂ ಆಗಲ್ಲ.'

'ಬಾತಿ ಗುಡ್ಡ?'

'ನಮ್ಮನೆ ಮಾಳಿಗೆ ಮೇಲೆ ಹಪ್ಪಳ ಒಣಹಾಕಾಕೂ ನಮ್ಮಮ್ಮ ತಂಗೀನ ಕಳಿಸ್ತಿದ್ಲು.'

ಶಿವು ನಗಲಿಲ್ಲ. ಅದನ್ನು ಬಕ್ಕೇಶ ಆಮೇಲೂ ಎಷ್ಟೋ ಸಲ ನೆನೆಸಿಕೊಂಡ. 'ಕೂತ್ಕ. ಕುಂಡಿ ಮೇಲೆ ಸರಕಂತ ಬಾ. ನನ್ನ ಕಾಲು ನೋಡು, ಕೆಳಗೆ ನೋಡಬ್ಯಾಡ' ಎಂದು ಎರಡು ತಾಸು ಇಳಿಸಿಕೊಂಡು ಬಂದ. ಬಕ್ಕೇಶನ ಹೊಸ ಪ್ಯಾಂಟಿನ ಹಿಂಭಾಗ ಗುಡ್ಡದಲ್ಲೇ ಉಳಿಯಿತು. ಉಳಿದವರು ಇಳಿದು ಬಂದು ಕೇಳಿದಾಗ ಶಿವು, 'ನನಗೇ ಹೊಟ್ಟೆ ಕೆಟ್ಟಿತ್ತು, ಇವನು ಜೊತೆಗೆ ಬಂದ' ಎಂದು ಅವಮಾನವನ್ನು ತನ್ನ ಮೇಲೆ ಎಳೆದುಕೊಂಡ.

'ಯಾರಿಗೂ ಹೇಳಬ್ಯಾಡಪ್ಪ' ಎಂದ ಬಕ್ಕೇಶ.

'ನಿನ್ನ ಕೊರಳಾಗಿನ ಲಿಂಗದ ಆಣೆ. ಸಾಕಾ?'

ಡಿಸೆಂಬರಿನಲ್ಲಿ ಇಬ್ಬರ ಕಾಂಟ್ರಾಕ್ಟೂ ಮುಗಿಯಿತು. ಮುಂದಿನ ಕೆಲಸ ಎಂಬತ್ತು ಅಡಿ ಎತ್ತರದ ಟ್ಯಾಂಕುಗಳದ್ದು. ಉಳಿಯುವವರ ಪಟ್ಟಿಯಲ್ಲಿ ಶಿವು ಇದ್ದ, ಬಕ್ಕೇಶ ಇರಲಿಲ್ಲ. ಎಂಜಿನಿಯರ್ ಕಾರಣ ಹೇಳಲಿಲ್ಲ. ಶಿವು ಮಾತ್ರ ಭುಜದ ಮೇಲೆ ಕೈ ಹಾಕಿ, 'ಪಂಪ್‌ಹೌಸಿಗೆ ಜನ ಬೇಕೇ ಬೇಕಲ್ಲಲೇ. ಸಾಹೇಬ್ರ ಹತ್ರ ನಾ ಮಾತಾಡ್ತೀನಿ. ಎರಡು ತಿಂಗಳಾಗೆ ನಿನ್ನ ವಾಪಸ್ ಕರೆಸ್ತೀನಿ, ನೋಡ್ತಿರು' ಎಂದ.

ಬಕ್ಕೇಶ ನಂಬಿದ. ಊರಿಗೆ ಬಂದ ವಾರದಲ್ಲೇ ವರ್ಕ್‌ಶಾಪಿನ ಮಾಲೀಕರಾದ ಮಲ್ಲೇಶಪ್ಪನವರು ಕರೆದು, 'ಮೇಸ್ತ್ರಿ ಜಾಗ ಖಾಲಿ ಐತೆ, ಬರ್ತೀಯೇನಪ್ಪ?' ಎಂದರೆ, 'ಎರಡು ತಿಂಗಳ ಮಟ್ಟಿಗೆ ಯಾಕ್ರಿ ಸುಮ್ನೆ' ಎಂದು ನಕ್ಕು ಬಂದ. ಜಾಗ ಮರುದಿನವೇ ಇನ್ನೊಬ್ಬರಿಗೆ ಹೋಯಿತು. ಹೋಗಲಿ ಬಿಡು ಎಂದುಕೊಂಡ. ಶಿವು ಕರೆಸುತ್ತಾನಲ್ಲ.

ಭಾನುವಾರ ಶಿವು ಕೊಟ್ಟಿದ್ದ ಸಾಮಾನನ್ನು ಸ್ಕೂಟರಿಗೆ ಕಟ್ಟಿಕೊಂಡು ಕೊಂಡಜ್ಜಿಗೆ ಹೋದ. ಒಂದು ಕಂಬಳಿ, ಎರಡು ಡಬ್ಬಿ ಹಾಲಿನ ಪುಡಿ, ಹೊಸ ಟೇಪ್ ರೆಕಾರ್ಡರ್, ಮೇಲೆ ಅಂಟುಪಟ್ಟಿ ಸುತ್ತಿದ ಒಂದು ಕ್ಯಾಸೆಟ್. ಓದಲು ಬಾರದ ತಂದೆತಾಯಿಗೆ ಕಾಗದ ಬರೆಯುವ ಬದಲು ಮಾತನ್ನೇ ತುಂಬಿ ಕಳಿಸುವುದು ಕ್ಯಾಂಪಿನವರ ರೂಢಿ.

'ಬರ್ರಿ, ಕೂಡ್ರಿ' ಎಂದು ಶಿವುವಿನ ಅಪ್ಪ ಬೊಮ್ಮಣ್ಣ ಚಾಪೆ ಹಾಸಿದ. ಅವ್ವ ಮೈಲಮ್ಮ ಚಹಾ ತಂದಳು. ಬಕ್ಕೇಶ ಏಳಲು ಹೋದಾಗ ಅವಳೇ ತಡೆದಳು. 'ಅದನ್ನ ಹಚ್ಚಿಕೊಟ್ಟು ಹೋಗಪ್ಪ. ಶಾಂತಲಾ ಗಂಡನ ಮನೆಗೆ ಹೋದಮ್ಯಾಲೆ ನಮ್ಮನ್ಯಾಗೆ ಇದನ್ನ ಬಲ್ಲೋರೇ ಇಲ್ಲ.'

ತಂಗಿ ಶಾಂತಲಾ ಈಗ ಮನೆಯಲ್ಲಿಲ್ಲ ಎನ್ನುವುದು ಮಸ್ಕತ್ತಿನಲ್ಲಿ ಶಿವುವಿಗೆ ಹೊಳೆದಿರಲಿಲ್ಲ. ಬಕ್ಕೇಶ ಹುರುಪಿನಿಂದಲೇ ಕ್ಯಾಸೆಟ್ ಹಾಕಿದ. ಮೈಲಮ್ಮನಿಗೆ ಕಿವಿ ಮಂದ ಎಂದು ವಾಲ್ಯೂಮನ್ನು ತಾನೇ ಪೂರ್ತಿ ಏರಿಸಿದ. ಪಕ್ಕದ ಮನೆಯ ಪುಟ್ಟಕ್ಕನೂ ಬಂದು ಬಾಗಿಲಲ್ಲಿ ನಿಂತಳು.

'ಅವ್ವಾ, ನಾನು ಆರಾಮಿದೀನಿ. ಇನ್ನೂ ಎರಡು ವರ್ಷ ಕೆಲಸ ಸಿಕ್ತು. ಮೊದಲು ನನ್ನ ಹೆಸರು ಇರಲಿಲ್ಲ, ಬಕ್ಕೇಶಂದಿತ್ತು. ಕೆಲಸದಾಗೆ ಅವನು ನನಗಿಂತ ಚಲೋ. ಅವನಿಗೆ ಎತ್ತರ ಆಗಲ್ಲ, ಗುಡ್ಡದಾಗೆ ಕುಂಡಿ ಮೇಲೆ ಇಳಿಸಿಕೊಂಡು ಬಂದೀನಿ ಅಂತ ಸಾಹೇಬ್ರಿಗೆ ಹೇಳಿಬಿಟ್ಟೆ. ಅವರು ನಕ್ಕು ಅವನ ಹೆಸರು ಹೊಡೆದು ನಂದು ಬರಕಂಡ್ರು. ಪಾಪ ಅನ್ನಿಸ್ತೈತೆ. ಆದ್ರೂ ಅವನಿಗೇನು, ಅಂಗಡಿ ಇರೋ ಮನಿ. ನೀವು ಅವನಿಗೆ ಏನೂ ಅನ್ನಬ್ಯಾಡ್ರಿ. ಕರೆಸ್ತೀನಿ ಅಂತ ಹೇಳೀನಿ, ಆಸೆಯಾಗೆ ಇರ್ಲಿ.'

ಕುಂಡಿಯ ಮಾತಿಗೆ ಕಿಸಕ್ಕೆಂದಿದ್ದ ಪುಟ್ಟಕ್ಕ, ಯಾರದೆಂದು ತಿಳಿದ ಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡು ಮನೆಗೆ ನಡೆದಳು.

'ಬಂದ್ ಮಾಡ್ರಿ ಅದನ್ನ' ಎಂದ ಬೊಮ್ಮಣ್ಣ, ನೆಲ ನೋಡುತ್ತ.

ಬಕ್ಕೇಶ ಬಂದ್ ಮಾಡಲಿಲ್ಲ. ಎಮ್ಮೆಯ ವಿಚಾರ, ಹೊಲದ ಬದುವಿನ ವಿಚಾರ, ಎಲ್ಲ ಕೇಳಿದ. ಬಯ್ಯೋಣವೆಂದರೆ ಹಿಡಿಯಲು ಜಾಗ ಸಿಗುತ್ತಿರಲಿಲ್ಲ. ಶಿವು ಸಾಹೇಬರಿಗೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಳ್ಳು ಹೇಳಿದ್ದು ತನಗೊಬ್ಬನಿಗೇ. ಆ ಕ್ಯಾಸೆಟ್ಟನ್ನು ಎರಡು ಸಾವಿರ ಕಿಲೋಮೀಟರ್ ಜೋಪಾನವಾಗಿ, ಒಡೆದೀತೆಂದು ಬನಿಯನ್ನುಗಳ ನಡುವೆ ಇಟ್ಟುಕೊಂಡು ತಂದವನೂ ತಾನೇ.

ಟೇಪು ನಿಂತ ಮೇಲೆ ಮೈಲಮ್ಮ ಚಹಾದ ಬಟ್ಟಲುಗಳನ್ನು ಬದಿಗಿಟ್ಟಳು. ಆಮೇಲೆ ಟೇಪ್ ರೆಕಾರ್ಡರನ್ನು ಬಕ್ಕೇಶನ ಕಡೆ ಸರಿಸಿದಳು.

'ನೀನು ಇಲ್ಲೇ ಕೂತ್ಕಂಡು ಕೇಳಿದ್ದು ಅವಂಗೆ ತಿಳೀಬೇಕು. ಇದರಾಗೆ ಮಾತಾಡಪ್ಪ. ಬೈದ್ರೂ ಬೈಯಿ, ನಾ ಬ್ಯಾಡ ಅನ್ನಲ್ಲ.'

ಕ್ಯಾಸೆಟ್ಟಿನ ಮಗ್ಗುಲು ಬದಲಿಸಿ ಬಕ್ಕೇಶ ಕೆಂಪು ಗುಂಡಿ ಒತ್ತಿದ. ಹರಿಹರದ ವರ್ಕ್‌ಶಾಪಿನಲ್ಲಿ ಕಲಿತ ಬೈಗುಳಗಳು ಬೇಕಾದಷ್ಟಿದ್ದವು. ಎದುರಿಗೆ ಅವ್ವ ಕೂತಿದ್ದಳು.

'ಶಿವು, ನಾನು ಬಕ್ಕೇಶ. ನಿಮ್ಮ ಮನ್ಯಾಗೆ ಕೂತೀನಿ. ಸಾಮಾನೆಲ್ಲ ಮುಟ್ಟಿದವು. ಟೇಪು ಚಲೋ ಐತೆ, ಅವ್ವಗೂ ಕೇಳಿಸ್ತು, ನನಗೂ ಕೇಳಿಸ್ತು. ಇನ್ನು ನನ್ನ ಬಗ್ಗೆ ಸಾಹೇಬ್ರ ಹತ್ರ ಮಾತಾಡಾಕೆ ಹೋಗಬ್ಯಾಡ. ಮಾತಾಡಿದ್ದು ಸಾಕು.'

ಕ್ಯಾಸೆಟ್ ತಿರುಗುತ್ತಲೇ ಇತ್ತು. ಎರಡು ವರ್ಷ, ಪಂಪ್‌ಹೌಸಿನಲ್ಲಿ ಶಿವು ಏಣಿಗೆ ಕಾಲಿಟ್ಟಾಗಲೆಲ್ಲ ಕೆಳಗೆ ನಿಂತು 'ಹುಷಾರಲೇ' ಎಂದು ಹೇಳಿ ಅಭ್ಯಾಸ. ಇನ್ನು ಶಿವು ಹತ್ತಬೇಕಾದದ್ದು ಎಂಬತ್ತು ಅಡಿಯ ಟ್ಯಾಂಕು; ಈಗಲೂ ಆ ಮಾತು ನಾಲಿಗೆಯ ತುದಿಗೆ ಬಂತು. ಬಕ್ಕೇಶ ಅದನ್ನು ಹೇಳದೆ ಗುಂಡಿ ಒತ್ತಿ ನಿಲ್ಲಿಸಿದ.